ಕಳೆದ ಮೂಗು, ನುರಿತ ಕೈ

ಶೂರ್ಪನಖಿಯ ಕಥೆ ಕೇಳಿದವರಿಗೆ ಮೂಗು ಕೊಯ್ಯುವುದು ಎಂಥ ಶಿಕ್ಷೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಾಣ ತೆಗೆಯದೆ, ಬದುಕಿರುವವರೆಗೂ ತಲೆ ತಗ್ಗಿಸಿ ನಡೆಯುವಂತೆ ಮಾಡುವ ದಂಡನೆ ಅದು. 17ನೇ ಶತಮಾನದ ಮಧ್ಯದಲ್ಲಿ ಮೈಸೂರಿಗೂ ಮಧುರೆಗೂ ನಡೆದ ಕಾಳಗಕ್ಕೆ ‘ಮೂಗಿನ ಯುದ್ಧ’ ಎಂಬ ಹೆಸರೇ ಬಂದಿತು. ಮೂಗು ಕೊಯ್ಯುವವರಿದ್ದ ನಾಡಿನಲ್ಲಿ ಅದನ್ನು ಮರಳಿ ಕಟ್ಟಿಕೊಡುವವರೂ ಇದ್ದರು.

ಈ ವಿದ್ಯೆ ಬಹಳ ಹಳೆಯದು. ಎಲೆಯಿಂದ ಮೂಗಿನ ಅಳತೆ ತೆಗೆದು, ಅಷ್ಟೇ ಚರ್ಮವನ್ನು ಕೆನ್ನೆಯಿಂದ ಬಿಡಿಸಿ ಕೂಡಿಸುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಉಸಿರಾಟಕ್ಕೆ ಎರಡು ನಳಿಗೆಗಳನ್ನು ಇಡಬೇಕೆಂದೂ ಹೇಳುತ್ತದೆ. ಅದಕ್ಕಿಂತ ಮುಖ್ಯವಾದುದು ಮತ್ತೊಂದು ಮಾತು: ಶಾಸ್ತ್ರ ಓದಿದರೆ ಸಾಲದು, ಶಿಷ್ಯನು ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನು ಅಭ್ಯಾಸ ಮಾಡಿರಬೇಕು.

1792ರ ಮೈಸೂರು ಯುದ್ಧದಲ್ಲಿ ಕಾವಸಜಿ ಎಂಬಾತ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತೆಂದು ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ವರದಿ ಮಾಡಿತು. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ ಆತನಿಗೆ ಹೊಸ ಮೂಗು ಕಟ್ಟಿದವನು ಪುಣೆಯ ಬಳಿಯ, ಇಟ್ಟಿಗೆ ಮಾಡುವ ಜಾತಿಯವನು. ಅವನು ಮೇಣದಿಂದ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದ. ಆ ಗೆರೆಯಂತೆ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆ ಉಳಿಸಿಕೊಂಡು ಕೆಳಕ್ಕೆ ತಿರುಗಿಸಿದ. ರಕ್ತ ಹರಿದು ಚರ್ಮ ಜೀವಂತವಾಗಿ ಉಳಿಯುತ್ತಿದ್ದುದು ಆ ಎಳೆಯಿಂದಲೇ. ಅಂಟಿಗೆ ಬಳಸಿದ್ದು ಎಲೆಯಡಿಕೆಯ ಕಾಚು. ಸುಮಾರು 25 ದಿನಗಳಾದ ಮೇಲೆ ಆ ಎಳೆಯನ್ನು ಕತ್ತರಿಸಲಾಗುತ್ತಿತ್ತು. ಶಸ್ತ್ರಕ್ರಿಯೆಯನ್ನು ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡರು.

ಆ ವರದಿಯಿಂದ ಪ್ರೇರಿತನಾದ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಅವಸರಪಡಲಿಲ್ಲ. ಮೊದಲು ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ರೋಗಿಯ ಮೇಲೆ ಕೈಯಿಟ್ಟ. 1816ರಲ್ಲಿ ಆತ ಪುಸ್ತಕ ಪ್ರಕಟಿಸಿದ ಮೇಲೆ ಈ ವಿಧಾನ ಯೂರೋಪಿನಲ್ಲಿ ಹರಡಿತು. ಹಣೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಧಾರಿತ ರೂಪದಲ್ಲಿ ಇಂದಿಗೂ ಬಳಕೆಯಲ್ಲಿದೆ.

ಇಂದು ಅಪಘಾತಕ್ಕೆ ಸಿಕ್ಕವರಷ್ಟೇ ಅಲ್ಲ, ಮೂಗಿನ ಅಂದಕ್ಕಾಗಿಯೂ ಜನ ಶಸ್ತ್ರಕ್ರಿಯೆಗೆ ಹೋಗುತ್ತಾರೆ. ಯಾದಗಿರಿ ಜಿಲ್ಲೆಯ ಕಡೇಚೂರಿನಂಥ ಊರಿನಿಂದ ಕಲಬುರಗಿಗೋ ಹೈದರಾಬಾದಿಗೋ ಹೋಗಿ ವೈದ್ಯರನ್ನು ಹುಡುಕುವವರಿಗೆ ಜಾಹೀರಾತುಗಳೇ ಮೊದಲು ಎದುರಾಗುತ್ತವೆ. ಅಲ್ಲಿ ಸುಶ್ರುತನ ಅಳತೆಗೋಲು ನೆರವಿಗೆ ಬರುತ್ತದೆ. ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲೋ, ಕಿವಿ-ಮೂಗು-ಗಂಟಲು ವಿಭಾಗದಲ್ಲೋ ಸ್ನಾತಕೋತ್ತರ ತರಬೇತಿ ಪಡೆದು ವೈದ್ಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ? ಅವರ ಕೈಯಲ್ಲಿ ಎಷ್ಟು ಮೂಗುಗಳು ರೂಪುಗೊಂಡಿವೆ? ಹಿಂದಿನ ರೋಗಿಗಳ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಅವರ ಒಪ್ಪಿಗೆಯಿಂದ ತೋರಿಸುತ್ತಾರೆಯೇ? ಉಸಿರಾಟದ ಬಗ್ಗೆ ಏನು ಹೇಳುತ್ತಾರೆ? ಬಾವು ಪೂರ್ತಿ ಇಳಿಯಲು ಒಂದು ವರ್ಷವೂ ಹಿಡಿಯಬಹುದು, ಮತ್ತೊಮ್ಮೆ ಶಸ್ತ್ರಕ್ರಿಯೆ ಬೇಕಾಗಬಹುದು ಎಂಬುದನ್ನು ಮುಚ್ಚಿಡದೆ ತಿಳಿಸುತ್ತಾರೆಯೇ?

ಪುಣೆಯ ಆ ಕುಶಲಿಗೆ ಪದವಿಯಿರಲಿಲ್ಲ. ಅರಿವಳಿಕೆಯೂ ಆಗ ಇರಲಿಲ್ಲ. ಇಂದು ಎರಡೂ ಇವೆ, ಎರಡೂ ಬೇಕು. ಆದರೆ ಮುಖವನ್ನು ಒಪ್ಪಿಸುವ ಮುನ್ನ ಕೈ ಎಷ್ಟು ಪಳಗಿದೆ ಎಂದು ವಿಚಾರಿಸುವ ಅಗತ್ಯ ಮಾತ್ರ ಕಾವಸಜಿಯ ಕಾಲದಷ್ಟೇ ಉಳಿದಿದೆ.