ಬೆಟ್ಟದ ಸೈಕಲ್ ಸವಾರಿಗೆ ಬೆನ್ನಿನ ನೀರುಚೀಲ: ಆಯ್ಕೆ ಹೇಗೆ?

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಯುವಕ-ಯುವತಿಯರಲ್ಲಿ ರಜಾದಿನಗಳಂದು ಬೆಟ್ಟಗುಡ್ಡಗಳ ಕಚ್ಚಾದಾರಿಯಲ್ಲಿ ಸೈಕಲ್ ಓಡಿಸುವ ಹವ್ಯಾಸ ಹಬ್ಬುತ್ತಿದೆ. ಈ ಸವಾರರ ಬೆನ್ನಿನ ಮೇಲೆ ಕಾಣುವ ನೀರಿನ ಚೀಲಕ್ಕೆ 'ಹೈಡ್ರೇಷನ್ ಪ್ಯಾಕ್' ಎಂದು ಹೆಸರು. ಬೆನ್ನುಚೀಲ, ಅದರೊಳಗೆ ಮೆತುವಾದ ಪ್ಲಾಸ್ಟಿಕ್ಕಿನ ನೀರಿನ ತಿತ್ತಿ, ಅದರಿಂದ ಭುಜದ ಮೇಲೆ ಹಾದು ಬಾಯಿಯ ಬಳಿಗೆ ಬರುವ ಕೊಳವೆ, ಕೊಳವೆಯ ತುದಿಯಲ್ಲಿ ಹಲ್ಲಿನಿಂದ ಮೆಲ್ಲನೆ ಒತ್ತಿದಾಗ ಮಾತ್ರ ತೆರೆಯುವ ಕವಾಟ: ಇವಿಷ್ಟೇ ಅದರ ಅಂಗಗಳು.

ಕಲ್ಲುದಾರಿಯಲ್ಲಿ ಬಾಟಲಿಗಾಗಿ ಹ್ಯಾಂಡಲ್ ಬಿಟ್ಟು ಬಗ್ಗುವುದು ಅಪಾಯಕರ. ಆದ್ದರಿಂದ ಅನೇಕರು ನೀರು ಕುಡಿಯುವುದನ್ನೇ ಮುಂದೂಡುತ್ತಾರೆ. ಚೀಲದ ಉದ್ದೇಶ ಈ ಮುಂದೂಡಿಕೆಯನ್ನು ತಪ್ಪಿಸುವುದು. ಆದರೆ ಹೆಗಲು ನೋಯಿಸುವ ಚೀಲ ಎರಡನೆಯ ಸವಾರಿಗೆ ಮನೆಯಲ್ಲೇ ಉಳಿಯುತ್ತದೆ. ಹಾಗಾಗಿ ಇಲ್ಲಿ ಆರಾಮವೆಂಬುದು ಶೋಕಿಯಲ್ಲ, ಸುರಕ್ಷತೆಯ ಪ್ರಶ್ನೆ.

ಹುಟ್ಟು

1988ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ವಿಚಿಟಾ ಫಾಲ್ಸ್‌ನಲ್ಲಿ, ಬೇಸಗೆಯ ಉರಿಬಿಸಿಲಿನಲ್ಲಿ ನಡೆಯುವ ನೂರು ಮೈಲಿಗಳ ಸೈಕಲ್ ಓಟಕ್ಕೆ ಮೈಕೆಲ್ ಐಡ್ಸನ್ ಎಂಬ ತುರ್ತುವೈದ್ಯಕೀಯ ಸಹಾಯಕ ಹೊರಟಿದ್ದ. ಆತ ಆಸ್ಪತ್ರೆಯ ಸಲೈನ್ ಚೀಲಕ್ಕೆ ನೀರು ತುಂಬಿ, ಉದ್ದನೆಯ ಕಾಲುಚೀಲದೊಳಗೆ ಇಳಿಸಿ, ಅಂಗಿಯ ಬೆನ್ನಿಗೆ ಸಿಕ್ಕಿಸಿಕೊಂಡ. ಕೊಳವೆಯ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪೇ ಕವಾಟವಾಯಿತು. 1989ರಲ್ಲಿ ಆರಂಭವಾದ 'ಕ್ಯಾಮೆಲ್‌ಬ್ಯಾಕ್' ಸಂಸ್ಥೆಗೆ ಇದೇ ಮೂಲ.

ಎಷ್ಟು ನೀರು?

ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ಮೂರು ಲೀಟರಿನ ತಿತ್ತಿಯನ್ನು ಸದಾ ತುಂಬಿ ಹೊರುವುದು ಬೆನ್ನಿಗೆ ಶಿಕ್ಷೆ. ಒಂದೆರಡು ಗಂಟೆಯ ಸವಾರಿಗೆ ಸಾಮಾನ್ಯವಾಗಿ ಒಂದೂವರೆ ಲೀಟರ್ ಸಾಕು. ಅರ್ಧದಿನದ ಸವಾರಿಗೆ, ದಾರಿಯಲ್ಲಿ ನೀರು ಸಿಗದಿದ್ದರೆ, ಎರಡರಿಂದ ಮೂರು ಲೀಟರ್ ಬೇಕಾದೀತು.

ನಿಮ್ಮ ಅಗತ್ಯವನ್ನು ಮನೆಯಲ್ಲೇ ಅಳೆಯಬಹುದು. ಸವಾರಿಗೆ ಮುನ್ನ ಮತ್ತು ಅನಂತರ ಬೆವರೊರೆಸಿಕೊಂಡು ತೂಕ ನೋಡಿರಿ. ಎರಡು ಗಂಟೆಯಲ್ಲಿ 62 ಕಿಲೋ 61ಕ್ಕೆ ಇಳಿದು, ನಡುವೆ ಒಂದು ಲೀಟರ್ ನೀರು ಕುಡಿದಿದ್ದರೆ, ದೇಹ ಸುಮಾರು ಎರಡು ಲೀಟರ್ ಕಳೆದುಕೊಂಡಿದೆ. ಅಂದರೆ ಗಂಟೆಗೆ ಒಂದು ಲೀಟರ್. ಸೆಕೆಯ ದಿನಕ್ಕೂ ಚಳಿಯ ದಿನಕ್ಕೂ ಈ ಲೆಕ್ಕ ಬೇರೆಯಾಗುತ್ತದೆ.

ಬೆನ್ನಿನ ಅಳತೆ

ಚೀಲ ಒಪ್ಪುವುದು ಎತ್ತರವನ್ನು ಅನುಸರಿಸಿ ಅಲ್ಲ, ಬೆನ್ನಿನ ಉದ್ದವನ್ನು ಅನುಸರಿಸಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಸೊಂಟದ ಮೂಳೆಗಳ ಮೇಲಂಚಿನ ಮಟ್ಟದವರೆಗೆ ಟೇಪಿನಿಂದ ಅಳೆಯಿರಿ. ಸಮಾನ ಎತ್ತರದ ಇಬ್ಬರಲ್ಲಿ ಈ ಅಳತೆ ಬೇರೆಯಾಗಿರಬಹುದು. ಮಹಿಳೆಯರಿಗಾಗಿ ರೂಪಿಸಿದ ಚೀಲಗಳ ಹೆಗಲಪಟ್ಟಿಗಳು ಎದೆಯ ಬಳಿ ಬಾಗಿ ಸಾಗುತ್ತವೆ. ಅಣ್ಣನ ಚೀಲವನ್ನು ತಂಗಿಗೆ ದಾಟಿಸುವ ಮುನ್ನ ಇದನ್ನು ಗಮನಿಸಬೇಕು.

ಪಟ್ಟಿಗಳ ಕ್ರಮ

ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರಿಸಿರಿ. ಭಾರ ಅಲ್ಲಿ ನಿಲ್ಲಬೇಕು, ಹೊಟ್ಟೆಯ ಮೇಲಲ್ಲ. ಬಳಿಕ ಹೆಗಲಪಟ್ಟಿ, ಕೊನೆಗೆ ಎದೆಪಟ್ಟಿ. ದೀರ್ಘವಾಗಿ ಉಸಿರೆಳೆದಾಗ ಎದೆಪಟ್ಟಿ ಬಿಗಿಯಬಾರದು.

ಬೆನ್ನಿಗೆ ತಾಗುವ ಭಾಗದಲ್ಲಿ ಎರಡು ಬಗೆಗಳಿವೆ. ಬಿಗಿದ ಜಾಲರಿಯಿಂದ ಚೀಲವನ್ನು ಬೆನ್ನಿನಿಂದ ದೂರವಿರಿಸುವ ಬಗೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಆದರೆ ಭಾರ ಹಿಂದಕ್ಕೆ ಸರಿದು ತೂಗಾಡಬಹುದು. ಮೆತ್ತೆಯ ಗೀರುಗಳಿರುವ ಬಗೆಯಲ್ಲಿ ಬೆವರು ಹೆಚ್ಚು, ಅಲುಗಾಟ ಕಡಿಮೆ. ಕಡಿದಾದ ಇಳಿಜಾರಿಗೆ ಎರಡನೆಯದು ಲೇಸು. ಚಿಕ್ಕ ಸವಾರಿಗೆ ಸೊಂಟಕ್ಕೆ ಮಾತ್ರ ಕಟ್ಟುವ ಚೀಲಗಳೂ ಇವೆ; ಅವುಗಳಲ್ಲಿ ಹೆಗಲಿಗೆ ಭಾರವೇ ಇಲ್ಲ.

ಅಂಗಡಿಯಲ್ಲಿ ಪರೀಕ್ಷೆ

ಬರಿದಾದ ಚೀಲ ಎಲ್ಲರಿಗೂ ಹಿತವೆನಿಸುತ್ತದೆ. ಆದ್ದರಿಂದ ನೀರು ತುಂಬಿಸಿಯೇ ಧರಿಸಿ ನೋಡಿರಿ. ಹೆಲ್ಮೆಟ್ ತೊಟ್ಟು, ಸೈಕಲ್ ಮೇಲೆ ಕುಳಿತಂತೆ ಮುಂದಕ್ಕೆ ಬಾಗಿ, ತಲೆಯೆತ್ತಿ ದೂರಕ್ಕೆ ನೋಡಿರಿ. ಹೆಲ್ಮೆಟಿನ ಹಿಂಭಾಗ ಚೀಲಕ್ಕೆ ತಗುಲಿದರೆ ಆ ಚೀಲ ಬೇಡ; ಇಳಿಜಾರಿನಲ್ಲಿ ಅದು ಹೆಲ್ಮೆಟನ್ನು ಹಣೆಯ ಮೇಲಕ್ಕೆ ದೂಡೀತು. ಎಡಬಲಕ್ಕೆ ಮೈ ಕುಲುಕಿದಾಗ ಚೀಲ ಬೆನ್ನನ್ನು ಬಿಟ್ಟು ಜಾರಬಾರದು. ತುಂಬಿದ ತಿತ್ತಿಯನ್ನು ತಲೆಕೆಳಗೆ ಹಿಡಿದು ಕೊಳವೆಯಿಂದ ಗಾಳಿಯನ್ನು ಹೀರಿ ತೆಗೆದರೆ ನೀರು ಕುಲುಕಾಡುವುದು ತಗ್ಗುತ್ತದೆ.

ಶುಚಿತ್ವ

ಒಳಗೆ ಕೈ ಹೋಗುವಷ್ಟು ಅಗಲಬಾಯಿಯ ತಿತ್ತಿಯನ್ನೇ ಆರಿಸಿರಿ. ಅದರಲ್ಲಿ ಶುದ್ಧ ನೀರು ಮಾತ್ರ ಇರಲಿ. ಶರಬತ್ತು, ಗ್ಲೂಕೋಸ್ ತುಂಬಿದರೆ ಕೊಳವೆಯಲ್ಲಿ ಬೂಷ್ಟು ಹಿಡಿಯುತ್ತದೆ. ಬಳಸಿದ ಬಳಿಕ ಅಡುಗೆಸೋಡಾ ಬೆರೆಸಿದ ಬೆಚ್ಚಗಿನ ನೀರಿನಿಂದ ತೊಳೆದು, ಬಾಯಿ ತೆರೆದು ತಲೆಕೆಳಗಾಗಿ ಒಣಗಿಸಿರಿ. ಒಣಗಲು ಬಿಡದ ಮಳೆಗಾಲದಲ್ಲಿ ಖಾಲಿ ತಿತ್ತಿಯನ್ನು ಫ್ರೀಜರಿನಲ್ಲಿಡುವುದು ಒಳ್ಳೆಯ ಉಪಾಯ.

ಎಚ್ಚರಿಕೆ

ತಿತ್ತಿಯಲ್ಲಿ ಎಷ್ಟು ನೀರು ಉಳಿದಿದೆಯೆಂಬುದು ಸವಾರನಿಗೆ ಕಾಣದು. ವಿಶ್ರಮಿಸಿದಾಗಲೆಲ್ಲ ತೆರೆದು ನೋಡಬೇಕು, ಅರ್ಧ ಮುಗಿದೊಡನೆ ಹಿಂತಿರುಗುವ ಯೋಚನೆ ಮಾಡಬೇಕು. ಬಾಯಾರಿಕೆಯನ್ನು ಮೀರಿ ಬಲವಂತವಾಗಿ ಕುಡಿಯುವುದೂ ಸಲ್ಲದು; ರಕ್ತದ ಸೋಡಿಯಂ ಅಂಶ ತಗ್ಗಿ ಪ್ರಾಣಾಪಾಯವಾಗಬಹುದು. ಜೊತೆಗಾರನ ಮಾತು ತಡವರಿಸಿದರೆ, ಮನಸ್ಸು ಗೊಂದಲಗೊಂಡರೆ, ಅದನ್ನು ಆಯಾಸವೆಂದು ಕಡೆಗಣಿಸದೆ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸಿ, 112ಕ್ಕೆ ಕರೆಮಾಡಬೇಕು. ಆಗ ಬೆನ್ನಿನ ಚೀಲದಲ್ಲಿ ಉಳಿದ ನೀರೇ ಮೊದಲ ಚಿಕಿತ್ಸೆ.

ಮಕ್ಕಳಿಗೆ ಚೀಲ ಕೊಳ್ಳುವಾಗ 'ಬೆಳೆಯುವ ಮಗು' ಎಂದು ದೊಡ್ಡದನ್ನು ತರುವ ನಮ್ಮ ಮನೆಗಳ ವಾಡಿಕೆಯನ್ನು ಇಲ್ಲಿ ಬಿಡುವುದು ಒಳಿತು. ಇಂದಿನ ಬೆನ್ನಿಗೆ ಒಪ್ಪುವ ಚೀಲವೇ ಇಂದಿನ ಬಾಯಾರಿಕೆಗೆ ಒದಗೀತು.