ಕರಿಜೀರಿಗೆಯ ಎಣ್ಣೆ: ಗುಣ, ಇತಿಹಾಸ ಮತ್ತು ಮಿತಿ

ಎಳ್ಳಿನ ಗಾತ್ರದ, ಮೂರು ಏಣುಗಳುಳ್ಳ, ಒರಟು ಮೈಯ ಒಂದು ಕಪ್ಪು ಬೀಜವು ಸುಮಾರು ಮೂರೂವರೆ ಸಾವಿರ ವರ್ಷಗಳಿಂದ ಮನುಷ್ಯನ ಅಡುಗೆಮನೆಯಲ್ಲಿಯೂ ಔಷಧದ ಪೆಟ್ಟಿಗೆಯಲ್ಲಿಯೂ ಸ್ಥಾನ ಪಡೆದಿದೆ. ಕನ್ನಡದಲ್ಲಿ ಇದು ಕರಿಜೀರಿಗೆ, ಹಿಂದಿಯಲ್ಲಿ ಕಲೌಂಜಿ; ಸಂಸ್ಕೃತ ನಿಘಂಟುಗಳಲ್ಲಿ ಉಪಕುಂಚಿಕಾ, ಕಾಲಾಜಾಜೀ ಎಂಬ ಹೆಸರುಗಳು ಇದಕ್ಕಿವೆ. ಇತ್ತೀಚಿನ ವರ್ಷಗಳಲ್ಲಿ ಇದರ ಎಣ್ಣೆಯು ಸಣ್ಣ ಸೀಸೆಗಳಲ್ಲಿ, ಸರ್ವರೋಗಹರವೆಂಬ ಹೊಗಳಿಕೆಯೊಡನೆ ಮನೆಮನೆಗೆ ಬರುತ್ತಿದೆ. ಮಧುಮೇಹ, ರಕ್ತದೊತ್ತಡ, ಉಬ್ಬಸ, ಕೀಲುನೋವು ಎಲ್ಲಕ್ಕೂ ಇದೊಂದೇ ಸಾಕೆಂಬ ಮಾತು ಕೇಳಿಬರುತ್ತಿದೆ. ಆದರೆ ಇದರ ಇತಿಹಾಸವನ್ನು ಕ್ರಮವಾಗಿ ಅವಲೋಕಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಬೀಜವನ್ನು ಹೊಗಳಿದ ಹಿರಿಯರು ಅದರ ಮಿತಿಯನ್ನೂ ಹೇಳಿದ್ದರು. ಕಾಲಕ್ರಮದಲ್ಲಿ ಹೊಗಳಿಕೆ ಉಳಿಯಿತು, ಮಿತಿ ಮರೆತುಹೋಯಿತು.

ಈ ಸಸ್ಯದ ಮೂಲಸ್ಥಾನ ಪಶ್ಚಿಮ ಏಷ್ಯಾ ಮತ್ತು ಅದಕ್ಕೆ ಹೊಂದಿದ ಮೆಡಿಟರೇನಿಯನ್ ಪ್ರದೇಶ. ಇಂದಿನ ಟರ್ಕಿ ದೇಶದ ಬೊಯಾಲಿ ದಿಬ್ಬದ ಉತ್ಖನನದಲ್ಲಿ ಕ್ರಿ.ಪೂ. ಎರಡನೆಯ ಸಹಸ್ರಮಾನದ ಹಿಟೈಟರ ಕಾಲದ ಮಣ್ಣಿನ ಕುಪ್ಪಿಯೊಂದರಲ್ಲಿ ಇದರ ಬೀಜಗಳು ದೊರೆತಿವೆ. ಕ್ರಿ.ಪೂ. 14ನೆಯ ಶತಮಾನದಲ್ಲಿ ಆಳಿದ ಈಜಿಪ್ಟಿನ ದೊರೆ ತೂತಂಖಾಮೆನ್‌ನ ಸಮಾಧಿಯಲ್ಲಿಯೂ ಇವು ದೊರೆತಿವೆ. ಆ ಸಮಾಧಿಯನ್ನು ಹೊವಾರ್ಡ್ ಕಾರ್ಟರ್ ಬೆಳಕಿಗೆ ತಂದದ್ದು 1922ರಲ್ಲಿ. ಯಹೂದ್ಯರ ಪ್ರವಾದಿ ಯೆಶಾಯನ ಗ್ರಂಥದ 28ನೆಯ ಅಧ್ಯಾಯದಲ್ಲಿ ಈ ಬೀಜದ ಪ್ರಸ್ತಾಪವಿದೆ. ಧಾನ್ಯದಂತೆ ಇದರ ಮೇಲೆ ಬಂಡಿಯ ಗಾಲಿಯನ್ನು ಹಾಯಿಸದೆ, ಕೋಲಿನಿಂದ ಮೆಲ್ಲನೆ ಬಡಿದು ಬೀಜ ಬಿಡಿಸಬೇಕೆಂಬ ರೈತನ ವಿವೇಕವನ್ನು ಅಲ್ಲಿ ದೃಷ್ಟಾಂತವಾಗಿ ಬಳಸಲಾಗಿದೆ.

ಔಷಧವಾಗಿ ಇದರ ಸ್ಪಷ್ಟವಾದ ವಿವರಣೆ ದೊರೆಯುವುದು ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್‌ನ ಗ್ರಂಥದಲ್ಲಿ. ತಲೆನೋವು, ನೆಗಡಿ, ಹಲ್ಲುನೋವು, ಹೊಟ್ಟೆಯ ಹುಳು ಮೊದಲಾದವುಗಳಿಗೆ ಆತ ಇದನ್ನು ವಿಧಿಸಿದ್ದಾನೆ. ಬಾಣಂತಿಯರಲ್ಲಿ ಎದೆಹಾಲು ಹೆಚ್ಚುವುದೆಂದೂ ಹೇಳಿದ್ದಾನೆ. ಆದರೆ ಅದೇ ವಿವರಣೆಯಲ್ಲಿ, ಇದನ್ನು ಅತಿಯಾಗಿ ಕುಡಿದರೆ ಪ್ರಾಣಾಪಾಯವೆಂಬ ಎಚ್ಚರಿಕೆಯನ್ನೂ ಸೇರಿಸಿದ್ದಾನೆ. ಇಂದು ಈ ಎಣ್ಣೆಯ ಪ್ರಾಚೀನತೆಯನ್ನು ಸಾರುವವರು ಆತನ ಮೊದಲ ಮಾತುಗಳನ್ನು ಉದ್ಧರಿಸುತ್ತಾರೆ. ಕೊನೆಯ ಮಾತನ್ನು ಬಿಟ್ಟುಬಿಡುತ್ತಾರೆ.

ಅರಬ್ ಜಗತ್ತಿನಲ್ಲಿ ಈ ಬೀಜಕ್ಕೆ ದೊರೆತ ಗೌರವ ಬೇರೆಲ್ಲಿಯೂ ದೊರೆಯಲಿಲ್ಲ. ಮರಣವೊಂದನ್ನು ಬಿಟ್ಟು ಉಳಿದೆಲ್ಲ ರೋಗಕ್ಕೆ ಇದರಲ್ಲಿ ಶಮನವಿದೆ ಎಂಬ ಅರ್ಥದ ಪ್ರವಾದಿವಚನವು ಒಂಬತ್ತನೆಯ ಶತಮಾನದಲ್ಲಿ ಇಮಾಮ್ ಬುಖಾರಿ ಸಂಗ್ರಹಿಸಿದ ಹದೀಸ್ ಗ್ರಂಥದಲ್ಲಿದೆ. ಆ ಪರಂಪರೆಯ ವಿದ್ವಾಂಸರೇ ಇದನ್ನು ಅಕ್ಷರಶಃ ಎಲ್ಲ ರೋಗಗಳಿಗೂ ಅನ್ವಯಿಸದೆ, ಶೀತಪ್ರಕೃತಿಯ ರೋಗಗಳನ್ನು ಕುರಿತ ಮಾತೆಂದು ವ್ಯಾಖ್ಯಾನಿಸಿದ್ದುಂಟು. ಇಬ್ನ್ ಸೀನಾ (980-1037) ತನ್ನ ವೈದ್ಯವಿಶ್ವಕೋಶದಲ್ಲಿ ಇದನ್ನು ಸೇರಿಸಿದನಾದರೂ ನೂರಾರು ದ್ರವ್ಯಗಳ ನಡುವೆ ಒಂದಾಗಿಯೇ ಇರಿಸಿದನು. ಯುನಾನಿ ವೈದ್ಯರ ಮೂಲಕ ಆ ಜ್ಞಾನವು ಭಾರತದಲ್ಲಿಯೂ ಹರಡಿತು.

ಆಯುರ್ವೇದಕ್ಕೂ ಇದು ಅಪರಿಚಿತವಲ್ಲ. 16ನೆಯ ಶತಮಾನದ ಭಾವಮಿಶ್ರನು ಭಾವಪ್ರಕಾಶದಲ್ಲಿ ಜೀರಕ, ಕೃಷ್ಣಜೀರಕ, ಉಪಕುಂಚಿಕಾ ಎಂದು ಮೂರು ಜೀರಿಗೆಗಳನ್ನು ಒಟ್ಟಿಗೆ ಹೇಳಿದ್ದಾನೆ. ಇವು ದೀಪನ, ಪಾಚನ ಗುಣವುಳ್ಳವು, ಗರ್ಭಾಶಯವನ್ನು ಶುದ್ಧಗೊಳಿಸತಕ್ಕವು ಎಂಬುದು ಅವನ ಮತ. ಇಲ್ಲಿಯೇ ಹೆಸರಿನ ಗೊಂದಲವೊಂದು ತಲೆದೋರುತ್ತದೆ. ಶಾಹಿಜೀರಿಗೆಯನ್ನೂ ಹಲವರು ಕರಿಜೀರಿಗೆ ಎನ್ನುತ್ತಾರೆ. ಹಿಂದಿಯಲ್ಲಿ ಕಾಲಿಜೀರಿ ಎನಿಸಿಕೊಂಡ, ಬಹು ಕಹಿಯಾದ ಕಾಡುಜೀರಿಗೆಯು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಬೇರೆಯೇ ಗಿಡ. ಕಲೌಂಜಿಯನ್ನು ಈರುಳ್ಳಿ ಬೀಜವೆಂದು ಮಾರುವುದೂ ಉಂಟು. ವಾಸ್ತವದಲ್ಲಿ ಕರಿಜೀರಿಗೆಯು ಅಡುಗೆಯ ಜೀರಿಗೆಯ ಕುಟುಂಬಕ್ಕೂ ಸೇರಿದ್ದಲ್ಲ. ವತ್ಸನಾಭಿ ಎಂಬ ಘೋರ ವಿಷದ ಗಿಡ ಸೇರಿರುವ ಕುಟುಂಬವೇ ಇದರದು. ಕರಿಜೀರಿಗೆ ವಿಷವಲ್ಲ. ಆದರೂ ಹೆಸರನ್ನು ಮಾತ್ರ ನಂಬಿ ಔಷಧವನ್ನು ಕೊಳ್ಳುವುದು ಎಷ್ಟು ಅಪಾಯಕರವೆಂಬುದಕ್ಕೆ ಇದು ನಿದರ್ಶನ.

ಔಷಧವು ಹೇಗಿರಬೇಕೆಂಬ ಪ್ರಶ್ನೆಯನ್ನು ಕರ್ನಾಟಕದ ಜೈನ ವೈದ್ಯಾಚಾರ್ಯರು ಬಹು ಹಿಂದೆಯೇ ಎತ್ತಿದ್ದರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಚಿಕಿತ್ಸೆಯನ್ನು ನಿರೂಪಿಸಿದರು. ಆ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. 14ನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯ ಗ್ರಂಥವನ್ನೇ ರಚಿಸಿದನು. ರೋಗ ಗುಣವಾದರೆ ಸಾಕೆನ್ನದೆ, ಔಷಧವು ಯಾವುದರಿಂದ ಆದದ್ದು, ಅದರಿಂದ ಯಾರಿಗೆ ಹಾನಿ ಎಂದು ಕೇಳುವ ಪರಂಪರೆಯಿದು.

ಆ ಪ್ರಶ್ನೆ ಕರಿಜೀರಿಗೆಯ ಎಣ್ಣೆಗೂ ಅನ್ವಯಿಸುತ್ತದೆ. ಇದನ್ನು ಜೇನಿನೊಡನೆ ಸೇವಿಸುವ ರೂಢಿ ಅರಬ್ ದೇಶಗಳಿಂದ ಬಂದಿದೆ. ಜೇನನ್ನು ತ್ಯಜಿಸಿದ ಶ್ರಾವಕರು ಅದಿಲ್ಲದೆ ಔಷಧ ಫಲಿಸದೆಂದು ಚಿಂತಿಸಬೇಕಾಗಿಲ್ಲ. ಆಧುನಿಕ ಪ್ರಯೋಗಗಳಲ್ಲಿ ಬಹುಪಾಲು ಬೀಜದ ಪುಡಿಯನ್ನೋ ಎಣ್ಣೆಯನ್ನೋ ಹಾಗೆಯೇ ಕೊಡಲಾಗಿದೆ. ಆದರೆ ಎಣ್ಣೆ ತುಂಬಿದ ಮೆದು ಗುಳಿಗೆಗಳ ಹೊರಕವಚವನ್ನು ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜಿಲಾಟಿನ್‌ನಿಂದ ಮಾಡುತ್ತಾರೆ. ಒಳಗಿನ ಎಣ್ಣೆ ಸಸ್ಯಜನ್ಯವಾದರೂ ಕವಚ ಹಾಗಲ್ಲ. ಕೊಳ್ಳುವಾಗ ಪಟ್ಟಿಯನ್ನು ಓದಿ ನೋಡುವುದು ಅವಶ್ಯ.

ಇನ್ನು ಗುಣದ ವಿಚಾರ. ಬೀಜದ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆಯಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಲಿನೋಲೆಯಿಕ್ ಎಂಬ ಕೊಬ್ಬಿನ ಆಮ್ಲ. ಇದಲ್ಲದೆ ಅಲ್ಪ ಪ್ರಮಾಣದ ಸುಗಂಧತೈಲವೂ ಇದೆ. ಔಷಧಗುಣಕ್ಕೆ ಮುಖ್ಯ ಕಾರಣವೆಂದು ಭಾವಿಸಲಾದ ಥೈಮೊಕ್ವಿನೋನ್ ಇರುವುದು ಇದರಲ್ಲಿಯೇ. ಈಜಿಪ್ಟಿನ ಸಂಶೋಧಕ ಎಲ್-ದಖಾಖ್ನಿಯು 1960ರ ದಶಕದ ಆರಂಭದಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದನು. ಬೆಳೆದ ನೆಲ, ಗಾಣದ ಬಗೆ, ಶೇಖರಣೆಯ ಕ್ರಮಗಳಿಗೆ ಅನುಸಾರವಾಗಿ ಇದರ ಪ್ರಮಾಣ ಬಹಳ ವ್ಯತ್ಯಾಸವಾಗುತ್ತದೆ. ಆದುದರಿಂದ ಒಂದು ಸೀಸೆಯ ಒಂದು ಚಮಚವು ಮತ್ತೊಂದು ಸೀಸೆಯ ಒಂದು ಚಮಚಕ್ಕೆ ಸಮವಲ್ಲ.

ರೋಗಿಗಳ ಮೇಲೆ ನಡೆದ ಪರೀಕ್ಷೆಗಳು ಸಂಪೂರ್ಣ ನಿರಾಶೆಯನ್ನೂ ತಂದಿಲ್ಲ, ಪವಾಡವನ್ನೂ ತೋರಿಸಿಲ್ಲ. ಸೌದಿ ಅರೇಬಿಯಾದಲ್ಲಿ 94 ಮಧುಮೇಹಿಗಳಿಗೆ ಅವರ ಎಂದಿನ ಔಷಧದ ಜೊತೆಗೆ ಬೀಜದ ಪುಡಿಯನ್ನು ಕೊಟ್ಟು ನಡೆಸಿದ ಅಧ್ಯಯನವು 2010ರಲ್ಲಿ ಪ್ರಕಟವಾಯಿತು. ದಿನಕ್ಕೆ 2 ಗ್ರಾಂ ಸೇವಿಸಿದವರಲ್ಲಿ ಮೂರು ತಿಂಗಳಲ್ಲಿ ಸಕ್ಕರೆಯ ಅಂಶ ಇಳಿಯಿತು. 3 ಗ್ರಾಂ ಸೇವಿಸಿದವರಿಗೆ ಅದಕ್ಕಿಂತ ಹೆಚ್ಚಿನ ಲಾಭವೇನೂ ದೊರೆಯಲಿಲ್ಲ. ರಕ್ತದೊತ್ತಡವನ್ನು ಕುರಿತ 11 ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯಲ್ಲಿ ಸರಾಸರಿ ಇಳಿಕೆ ಸುಮಾರು 3 ಅಂಕಗಳಷ್ಟು ಮಾತ್ರ. ಇದು ಉಪಕಾರವೇ ಸರಿ. ಆದರೆ ವೈದ್ಯರು ಕೊಟ್ಟ ಗುಳಿಗೆಯನ್ನು ಎಸೆಯಲು ಕಾರಣವಾಗುವಂಥದಲ್ಲ. ಮೇಲೆ ಹೇಳಿದ ಮಧುಮೇಹಿಗಳು ತಮ್ಮ ಔಷಧವನ್ನು ಬಿಟ್ಟಿರಲಿಲ್ಲ ಎಂಬುದು ಗಮನಾರ್ಹ.

ಅಪಾಯಗಳನ್ನೂ ಅಷ್ಟೇ ನಿಷ್ಠೆಯಿಂದ ಹೇಳಬೇಕು. ಒಗ್ಗರಣೆಗೆ ಹಾಕುವ ಬೀಜದಿಂದ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಎಣ್ಣೆಯನ್ನು ಚರ್ಮಕ್ಕೆ ಹಚ್ಚಿದಾಗ ಕೆಲವರಲ್ಲಿ ತುರಿಕೆ, ಗುಳ್ಳೆಗಳು ಎದ್ದದ್ದು ವೈದ್ಯಪತ್ರಿಕೆಗಳಲ್ಲಿ ವರದಿಯಾಗಿದೆ. ಈ ಬೀಜದ ಗುಳಿಗೆಗಳನ್ನು ಕೆಲವೇ ದಿನ ಸೇವಿಸಿದ ಮಧುಮೇಹಿ ಮಹಿಳೆಯೊಬ್ಬರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ ಪ್ರಕರಣವನ್ನು 2013ರಲ್ಲಿ ಟರ್ಕಿಯ ವೈದ್ಯರು ಪ್ರಕಟಿಸಿದರು. ಇಂತಹ ಪ್ರಕರಣಗಳು ವಿರಳ. ಆದರೂ ಮೂತ್ರಪಿಂಡದ ರೋಗವುಳ್ಳವರು ಎಚ್ಚರದಿಂದಿರಬೇಕು. ಸಕ್ಕರೆ ಮತ್ತು ರಕ್ತದೊತ್ತಡಗಳನ್ನು ಇಳಿಸುವ ಔಷಧಗಳೊಡನೆ ಸೇರಿದಾಗ ಇಳಿಕೆ ಅತಿಯಾಗಬಹುದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಮತ್ತು ಶಸ್ತ್ರಚಿಕಿತ್ಸೆಗೆ ಸಿದ್ಧರಾದವರು ವೈದ್ಯರಿಗೆ ತಿಳಿಸದೆ ಇದನ್ನು ಮುಟ್ಟಬಾರದು. ಗರ್ಭಿಣಿಯರು ಔಷಧದ ಪ್ರಮಾಣದಲ್ಲಿ ಸೇವಿಸದಿರುವುದೇ ಲೇಸು. ಗರ್ಭಾಶಯದ ಮೇಲೆ ಇದರ ಪ್ರಭಾವವನ್ನು ಭಾವಮಿಶ್ರನೇ ಸೂಚಿಸಿದ್ದಾನಲ್ಲವೇ?

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಭೈಷಜ್ಯದಾನವೂ ಒಂದು. ಬಸದಿಗಳ ಆಶ್ರಯದಲ್ಲಿ ಔಷಧ ವಿತರಣೆ ನಡೆಸುವವರಿಗೆ, ಹಿರಿಯರಿಗೆಂದು ಮನೆಗೆ ಸೀಸೆ ತರುವ ಮಕ್ಕಳಿಗೆ ಈ ಇತಿಹಾಸದಲ್ಲಿ ಪಾಠವಿದೆ. ಔಷಧವನ್ನು ಕೊಟ್ಟು ಅದರ ಮಿತಿಯನ್ನು ಹೇಳದಿದ್ದರೆ ದಾನ ಅರ್ಧವೇ ಆಯಿತು. ಒಳ್ಳೆಯದನ್ನು ಮಾತ್ರ ಹೇಳಿ ಕೆಟ್ಟದ್ದನ್ನು ಮರೆಮಾಡಿದರೆ ಸತ್ಯಾಣುವ್ರತಕ್ಕೂ ಕುಂದು. ಸದುದ್ದೇಶದಿಂದ ಆಡಿದ ಅರ್ಧ ಮಾತನ್ನು ನಂಬಿ ಒಬ್ಬ ವೃದ್ಧರು ತಮ್ಮ ಮಧುಮೇಹದ ಔಷಧವನ್ನು ನಿಲ್ಲಿಸಿದರೆ, ಆ ಹಾನಿಯಲ್ಲಿ ಹೇಳಿದವರಿಗೂ ಪಾಲಿದೆ. ಸೀಸೆಯೊಡನೆ ಅದರ ನಿಜವಾದ ಹೆಸರು, ಪ್ರಮಾಣ, ಯಾರು ಸೇವಿಸಬಾರದೆಂಬ ವಿವರಗಳನ್ನು ಬರೆದು ಕೊಡುವುದು ಕಷ್ಟದ ಕೆಲಸವೇನಲ್ಲ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ಅರಿತವರಿಗೆ ಡಯಾಸ್ಕೊರಿಡಿಸ್‌ನ ಎಚ್ಚರಿಕೆ ಹೊಸದೂ ಅಲ್ಲ.