ಧಾರವಾಡದ ಅರ್ಜಿಯೂ ನ್ಯಾಕ್‌ನ ಸರಾಸರಿಯೂ



ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್ ಸಂಸ್ಥೆ 2017ರಲ್ಲಿ ಹೊಸ ಪದ್ಧತಿ ತಂತು. ಅದರಲ್ಲಿ ‘ವಿದ್ಯಾರ್ಥಿ ತೃಪ್ತಿ ಸಮೀಕ್ಷೆ’ ಅಂತ ಒಂದಿದೆ. ಸಿಲೆಬಸ್ ಎಷ್ಟು ಮುಗಿಸಿದ್ರು, ಮೇಷ್ಟ್ರು ತಯಾರಾಗಿ ಬರ್ತಾರಾ, ಇಂಟರ್ನಲ್ ಮಾರ್ಕ್ಸ್ ನ್ಯಾಯವಾಗಿ ಹಾಕ್ತಾರಾ ಅಂತ ಮಕ್ಕಳನ್ನೇ ಕೇಳ್ತಾರೆ. ಕೇಳೋದು ಒಳ್ಳೇದೇ. ಆದರೆ ಎಲ್ಲರ ಉತ್ತರ ಕೂಡಿಸಿ ಸರಾಸರಿ ತೆಗೆದಾಗ ನಮ್ಮ ಮಕ್ಕಳ ಮಾತು ಎಲ್ಲಿ ಹೋಗುತ್ತೆ? ಈ ಪ್ರಶ್ನೆ ಇವತ್ತಿನದಲ್ಲ, ನಮ್ಮ ಧಾರವಾಡದಷ್ಟು ಹಳೇದು.

1856ರ ಜೂನ್. ಧಾರವಾಡ ಆಗ ಮುಂಬೈ ಸರ್ಕಾರದ ಕೆಳಗಿತ್ತು. ಫೀಸು ಕಟ್ಟೋಕೆ ತಯಾರಿದ್ರೂ ಒಬ್ಬ ಮಹಾರ್ ಹುಡುಗನನ್ನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಅವನ ಪರವಾಗಿ ಸರ್ಕಾರಕ್ಕೆ ಅರ್ಜಿ ಹೋಯ್ತು. ಸರ್ಕಾರ ಏನು ಹೇಳ್ತು ಗೊತ್ತಾ? ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಅವನನ್ನ ಸೇರಿಸಿದ್ರೆ ಉಳಿದ ಜನಕ್ಕೆ ಶಾಲೆ ಉಪಯೋಗಕ್ಕೆ ಬರದೇ ಹೋಗಬಹುದು ಅಂತ. ಅಂದರೆ ಬಹಳ ಜನರ ತೃಪ್ತಿ ಉಳಿಸೋಕೆ ಒಬ್ಬನನ್ನ ಬಾಗಿಲ ಹೊರಗೇ ನಿಲ್ಲಿಸಿದ್ರು. ಆಮೇಲೆ ಸರ್ಕಾರದ ಖರ್ಚಲ್ಲಿ ನಡೆಯೋ ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಅಂತ ಆದೇಶವೂ ಬಂತು. ಅದು ಕಾಗದದಿಂದ ತರಗತಿಗೆ ಇಳಿಯೋಕೆ ತಲೆಮಾರುಗಳೇ ಬೇಕಾದವು.

ಬಾಬಾಸಾಹೇಬರು ಈ ಲೆಕ್ಕಾನೇ ತಿರುಗಿಸಿದ್ರು. ಬರೋಡಾ ಮಹಾರಾಜರ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನದ ನೆರವಲ್ಲಿ ಎಲ್ಫಿನ್‌ಸ್ಟನ್ ಕಾಲೇಜಲ್ಲಿ ಬಿ.ಎ. ಓದಿದವರು ಅವರು. ಆ ದುಡ್ಡಿನ ಬೆಲೆ ಅವರಿಗೆ ಗೊತ್ತಿತ್ತು. 1942ರಲ್ಲಿ ವೈಸರಾಯ್‌ಗೆ ಪರಿಶಿಷ್ಟರ ಕುಂದುಕೊರತೆಗಳ ಮನವಿ ಕೊಟ್ಟಾಗ ಉನ್ನತ ಶಿಕ್ಷಣಕ್ಕೆ ಹಣ ಕೇಳಿದ್ರು. ಇವತ್ತಿನ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ಬೇರು ಅಲ್ಲಿದೆ. 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ಶುರು ಮಾಡಿದಾಗ, ದುಡಿಯೋ ಹುಡುಗರೂ ಓದಲಿ ಅಂತ ಬೆಳಿಗ್ಗೆ ತರಗತಿ ಇಟ್ರು. ಅವರು ಮೊದಲು ನೋಡಿದ್ದು ಹೊರಗೆ ಉಳಿದವನನ್ನ.

ಅಷ್ಟೆಲ್ಲ ಆಗಿ ಒಳಗೆ ಬಂದ ಮೇಲೆ ನಮ್ಮ ಮಕ್ಕಳನ್ನ ಹೇಗೆ ನೋಡ್ಕೊಂಡ್ರು? 2007ರಲ್ಲಿ ಥೋರಟ್ ಸಮಿತಿ ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳನ್ನ ಕೂರಿಸಿ ಕೇಳ್ತು. ಶಿಕ್ಷಕರಿಂದ ಸಾಕಷ್ಟು ಬೆಂಬಲ ಸಿಗ್ತಿಲ್ಲ ಅಂದವರು ಶೇ. 69. ದೇಶದ ಅತಿ ದೊಡ್ಡ ಹೆಸರಿನ ಮೆಡಿಕಲ್ ಕಾಲೇಜದು. ಎಲ್ಲರನ್ನೂ ಕೂಡಿಸಿ ಕೇಳಿದ್ದಿದ್ರೆ ಈ ಸಂಖ್ಯೆ ಹೊರಗೆ ಬರ್ತಾನೇ ಇರಲಿಲ್ಲ. 2016ರ ಜನವರಿಯಲ್ಲಿ ರೋಹಿತ್ ವೇಮುಲ ನಮ್ಮನ್ನ ಬಿಟ್ಟುಹೋದಾಗ ಅವನಿಗೆ ಏಳು ತಿಂಗಳ ಫೆಲೋಶಿಪ್ ಬರೋದು ಬಾಕಿ ಇತ್ತು. ಆ ಬಾಕಿಯನ್ನ ಯಾವ ತೃಪ್ತಿ ಸಮೀಕ್ಷೆ ಅಳೆಯುತ್ತೆ?

ನಾನು ಗುಮಾಸ್ತ. ಫೈಲು ಎಲ್ಲಿ ನಿಲ್ಲುತ್ತೆ ಅಂತ ನನಗೆ ಗೊತ್ತು. ಜಾತಿ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಅಕ್ಷರ ಇದ್ದರೆ ಸಾಕು, ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ಕೂತುಬಿಡುತ್ತೆ. ಅಪ್ಪ ಕೂಲಿ ಮಾಡೋ ಮನೆಯ ಹುಡುಗಿಗೆ ಕಾಲೇಜಿನ ‘ಸೇವೆ’ ಅಂದರೆ ಮೊದಲು ಆ ಕೌಂಟರ್, ಆಮೇಲೆ ಹಾಸ್ಟೆಲ್ ಊಟ, ಆಮೇಲೆ ಸ್ಮಾರ್ಟ್ ಬೋರ್ಡು. ನ್ಯಾಕ್ ಸಮೀಕ್ಷೆ ಇರೋದು ಪಾಠ-ಬೋಧನೆ ಬಗ್ಗೆ. ಕೌಂಟರ್‌ನೂ ಹಾಸ್ಟೆಲ್‌ನೂ ಅದು ಮುಟ್ಟಲ್ಲ.

ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು. ಸಮೀಕ್ಷೆಯ ಫಲಿತಾಂಶವನ್ನ ಸಮುದಾಯವಾರು ಬಿಡಿಸಿ ತೋರಿಸಿ, ಹೆಸರು ಗುಟ್ಟಾಗಿರಲಿ. ವಿದ್ಯಾರ್ಥಿವೇತನ ಯಾವ ತಿಂಗಳು ಕೈಗೆ ಬಂತು, ಹಾಸ್ಟೆಲ್ ಹೇಗಿದೆ ಅಂತಲೂ ಕೇಳಿ. ಯುಜಿಸಿಯ 2012ರ ನಿಯಮ ಹೇಳಿದ ಸಮಾನ ಅವಕಾಶ ಘಟಕಕ್ಕೆ ಎಷ್ಟು ದೂರು ಬಂತು, ಏನಾಯ್ತು, ನೋಟಿಸ್ ಬೋರ್ಡಿಗೆ ಹಾಕಿ.

ನಿಮ್ಮ ಊರಿನ ಕಾಲೇಜಲ್ಲಿ ಆ ಘಟಕ ಇದೆಯಾ? ಹೋಗಿ ನೋಡಿ, ಕಾಮೆಂಟಲ್ಲಿ ಬರೀರಿ. ಇಲ್ಲ ಅಂದ್ರೆ ಒಟ್ಟಿಗೆ ಅರ್ಜಿ ಹಾಕೋಣ.

ಜೈಭೀಮ್.